ಗೆಲ್ಲುವ ಲೆಕ್ಕ ಮುಗಿದ ಮೇಲೂ ಕಣ ಬಿಡದವರು: ಅಮೆರಿಕದ ಪ್ರೈಮರಿ ನಡೆಯುವ ಬಗೆ

2008ರ ಮಾರ್ಚ್ ತಿಂಗಳ ಕೊನೆ. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಟಿಕೆಟ್‌ಗಾಗಿ ನಡೆದಿದ್ದ ಪೈಪೋಟಿಯಲ್ಲಿ ಬರಾಕ್ ಒಬಾಮಾ ಮುಂದಿದ್ದರು, ಹಿಲರಿ ಕ್ಲಿಂಟನ್ ಹಿಂದಿದ್ದರು. ಕ್ಲಿಂಟನ್ ಇನ್ನು ಕಣದಿಂದ ಸರಿಯುವುದು ಒಳ್ಳೆಯದು ಎಂದು ವರ್ಮಾಂಟ್‌ನ ಸೆನೆಟರ್ ಪ್ಯಾಟ್ರಿಕ್ ಲೇಹಿ ಬಹಿರಂಗವಾಗಿಯೇ ಹೇಳಿಬಿಟ್ಟರು. ಕ್ಲಿಂಟನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ಪೆನ್ಸಿಲ್ವೇನಿಯಾ ಗೆದ್ದರು, ಇಂಡಿಯಾನಾ ಗೆದ್ದರು, ವೆಸ್ಟ್ ವರ್ಜೀನಿಯಾದಲ್ಲಿ ಶೇ 40ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಕೆಂಟಕಿ, ಪೋರ್ಟೊ ರಿಕೊ, ಕೊನೆಯ ದಿನ ಸೌತ್ ಡಕೋಟಾ ಕೂಡ ಅವರ ಪಾಲಿಗೇ ಬಂದವು. ಆದರೂ ಜೂನ್ 3ರ ರಾತ್ರಿ ಟಿಕೆಟ್ ಒಬಾಮಾ ಕೈ ಸೇರಿತು. ಜೂನ್ 7ರಂದು ಕ್ಲಿಂಟನ್ ಸ್ಪರ್ಧೆ ನಿಲ್ಲಿಸಿದರು.

ಇಷ್ಟೆಲ್ಲ ಗೆದ್ದವರು ಸೋತದ್ದು ಹೇಗೆ? ಸೋಲು ಕಣ್ಣೆದುರಿಗೇ ಇದ್ದಾಗಲೂ ಅಭ್ಯರ್ಥಿಗಳು ಹಟ ಹಿಡಿದು ಉಳಿಯುವುದೇಕೆ? 2016ರ ಡೆಮಾಕ್ರಟಿಕ್ ಕಣದಲ್ಲಿ ಬರ್ನಿ ಸ್ಯಾಂಡರ್ಸ್, 2024ರ ರಿಪಬ್ಲಿಕನ್ ಕಣದಲ್ಲಿ ನಿಕ್ಕಿ ಹೇಲಿ ಇದೇ ಪ್ರಶ್ನೆ ಎದುರಿಸಿದರು. 2028ರಲ್ಲೂ ಯಾರಾದರೊಬ್ಬರು ಎದುರಿಸುತ್ತಾರೆ. ಟಿವಿ ಚರ್ಚೆಗಳಲ್ಲಿ ಇದು ಹಟದ, ಸ್ವಾಭಿಮಾನದ ವಿಷಯವಾಗಿ ಕಾಣುತ್ತದೆ. ಒಳಗೆ ಹೋಗಿ ನೋಡಿದರೆ ಅಲ್ಲಿರುವುದು ಬಹುಪಾಲು ಲೆಕ್ಕ, ನಿಯಮ ಮತ್ತು ದುಡ್ಡು.

## ಟಿಕೆಟ್ ಕೊಡುವವರು ಯಾರು?

ಕರ್ನಾಟಕದಲ್ಲಿ ಟಿಕೆಟ್ ಎಂದರೆ ಹೈಕಮಾಂಡ್ ತೀರ್ಮಾನ. ಬಿ ಫಾರಂ ಯಾರ ಕೈಗೆ ಬಂತೋ ಅವರೇ ಪಕ್ಷದ ಅಭ್ಯರ್ಥಿ. ಅಮೆರಿಕದಲ್ಲೂ ಅರ್ಧ ಶತಮಾನದ ಹಿಂದಿನವರೆಗೆ ಹೆಚ್ಚುಕಡಿಮೆ ಹೀಗೇ ಇತ್ತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ ಪ್ರಚಾರಕ್ಕೆ ಇಳಿಯದೆ, ಪಕ್ಷದ ಮುಖಂಡರ ಬಲದಿಂದಲೇ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಆ ವರ್ಷ ಷಿಕಾಗೊ ಸಮಾವೇಶದ ಹೊರಗೆ ಬೀದಿ ಹೊಡೆದಾಟ ನಡೆಯಿತು, ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಯಲ್ಲಿ ಪಕ್ಷವೂ ಸೋತಿತು. ಅದರ ನಂತರ ನೇಮಕವಾದ ಮೆಕ್‌ಗವರ್ನ್–ಫ್ರೇಸರ್ ಆಯೋಗ ನಿಯಮಗಳನ್ನು ಬದಲಿಸಿತು. 1972ರಿಂದ ಟಿಕೆಟ್ ತೀರ್ಮಾನ ಪಕ್ಷದ ಸಾಮಾನ್ಯ ಮತದಾರರ ಕೈಗೆ ಬಂತು.

ಆ ಮತದಾನ ನಡೆಯುವುದು ಎರಡು ರೀತಿಯಲ್ಲಿ. ಮತಗಟ್ಟೆಗೆ ಹೋಗಿ ಗುಟ್ಟಾಗಿ ಮತ ಹಾಕಿ ಬರುವುದು ಪ್ರೈಮರಿ. ಇದನ್ನು ಸಾಮಾನ್ಯವಾಗಿ ರಾಜ್ಯ ಸರ್ಕಾರವೇ ನಡೆಸುತ್ತದೆ. ಊರ ಶಾಲೆಯಲ್ಲೋ ಸಭಾಭವನದಲ್ಲೋ ಪಕ್ಷದವರು ಸೇರಿ ಸಭೆ ನಡೆಸಿ ಆರಿಸುವುದು ಕಾಕಸ್. ಎರಡರಲ್ಲೂ ಮತದಾರರು ನೇರವಾಗಿ ಅಭ್ಯರ್ಥಿಯನ್ನು ಗೆಲ್ಲಿಸುವುದಿಲ್ಲ, ಅಭ್ಯರ್ಥಿಯ ಪರವಾದ ಪ್ರತಿನಿಧಿಗಳನ್ನು ಕಳಿಸುತ್ತಾರೆ. ಈ ಪ್ರತಿನಿಧಿಗಳೇ ಡೆಲಿಗೇಟ್‌ಗಳು. ಒಂದೊಂದು ರಾಜ್ಯಕ್ಕೂ ಇಂತಿಷ್ಟು ಡೆಲಿಗೇಟ್‌ಗಳು. ಬೇಸಿಗೆಯಲ್ಲಿ ಎಲ್ಲರೂ ರಾಷ್ಟ್ರೀಯ ಸಮಾವೇಶದಲ್ಲಿ ಸೇರಿದಾಗ ಅರ್ಧಕ್ಕಿಂತ ಹೆಚ್ಚು ಡೆಲಿಗೇಟ್‌ಗಳು ಯಾರ ಕಡೆಗಿದ್ದಾರೋ ಅವರಿಗೆ ಟಿಕೆಟ್. 2024ರಲ್ಲಿ ರಿಪಬ್ಲಿಕನ್ ಪಕ್ಷದ ಒಟ್ಟು ಡೆಲಿಗೇಟ್‌ಗಳು 2,429, ಬೇಕಾಗಿದ್ದದ್ದು 1,215. 2008ರಲ್ಲಿ ಒಬಾಮಾ ಕೊನೆಗೆ ದಾಟಬೇಕಾಗಿ ಬಂದ ಗೆರೆ 2,118.

ಈ ಮತದಾನ ಒಂದೇ ದಿನ ಮುಗಿಯುವುದಿಲ್ಲ. ವರ್ಷದ ಆರಂಭದಲ್ಲಿ ಶುರುವಾಗಿ ಜೂನ್‌ವರೆಗೆ ರಾಜ್ಯದಿಂದ ರಾಜ್ಯಕ್ಕೆ ಸಾಗುತ್ತದೆ. 'ಇನ್ನೂ ಉಳಿಯಬೇಕೆ' ಎಂಬ ಪ್ರಶ್ನೆ ಏಳುವುದೇ ಈ ಕಾರಣಕ್ಕೆ. ನಮ್ಮಲ್ಲಿ ನಾಮಪತ್ರ ವಾಪಸ್ ಪಡೆಯಲು ಒಂದು ಗಡುವಿದೆ, ಅದು ಮುಗಿದರೆ ಆ ಮಾತು ಅಲ್ಲಿಗೆ ಮುಗಿಯಿತು. ಅಲ್ಲಿ ಪ್ರತಿ ಮಂಗಳವಾರ ರಾತ್ರಿ ಮತ ಎಣಿಕೆಯಾದ ಮೇಲೆ ಆ ಪ್ರಶ್ನೆ ಹೊಸದಾಗಿ ಹುಟ್ಟುತ್ತದೆ.

## ಡೆಲಿಗೇಟ್ ಹಂಚುವ ಎರಡು ಪದ್ಧತಿ

ಹಿಂದೆ ಬಿದ್ದವರ ಹಣೆಬರಹ ಬರೆಯುವುದು ಹಂಚಿಕೆಯ ಪದ್ಧತಿ.

ಡೆಮಾಕ್ರಟಿಕ್ ಪಕ್ಷದಲ್ಲಿ ಎಲ್ಲ ರಾಜ್ಯಗಳಲ್ಲೂ ಅನುಪಾತದ ಹಂಚಿಕೆ. ಶೇ 15ರಷ್ಟು ಮತ ದಾಟಿದ ಪ್ರತಿಯೊಬ್ಬರಿಗೂ ಮತಕ್ಕೆ ತಕ್ಕಷ್ಟು ಡೆಲಿಗೇಟ್ ಸಿಗುತ್ತದೆ, ಅದಕ್ಕಿಂತ ಕಡಿಮೆಯಾದರೆ ಸೊನ್ನೆ. ಈ ಶೇ 15ರ ಗೆರೆಯನ್ನು ಇಡೀ ರಾಜ್ಯಕ್ಕೆ ಒಮ್ಮೆ, ರಾಜ್ಯದೊಳಗಿನ ಪ್ರತಿ ಕ್ಷೇತ್ರಕ್ಕೂ ಬೇರೆಯಾಗಿ ಎಳೆಯುತ್ತಾರೆ.

ರಿಪಬ್ಲಿಕನ್ ಪಕ್ಷ ಇದನ್ನು ಬಹುಮಟ್ಟಿಗೆ ರಾಜ್ಯಗಳಿಗೇ ಬಿಟ್ಟಿದೆ. ಕೆಲವು ರಾಜ್ಯಗಳಲ್ಲಿ ಮೊದಲ ಸ್ಥಾನ ಪಡೆದವರಿಗೆ ಎಲ್ಲವೂ. ಇನ್ನು ಕೆಲವು ರಾಜ್ಯಗಳಲ್ಲಿ ಅನುಪಾತದ ಹಂಚಿಕೆ ಇದ್ದರೂ ಒಬ್ಬರು ಅರ್ಧಕ್ಕಿಂತ ಹೆಚ್ಚು ಮತ ಪಡೆದರೆ ಎಲ್ಲವೂ ಅವರಿಗೇ. 2024ರಲ್ಲಿ ಕ್ಯಾಲಿಫೋರ್ನಿಯಾದ ಎಲ್ಲ 169 ಡೆಲಿಗೇಟ್‌ಗಳೂ ಡೊನಾಲ್ಡ್ ಟ್ರಂಪ್‌ಗೆ ಹೋದದ್ದು ಹೀಗೆ. 2016ರ ಸೌತ್ ಕೆರೊಲಿನಾ ಇನ್ನೂ ವಿಚಿತ್ರ. ಅಲ್ಲಿ ಟ್ರಂಪ್ ಪಡೆದದ್ದು ಶೇ 32.5 ಮತ, ಬಂದದ್ದು 50ಕ್ಕೆ 50 ಡೆಲಿಗೇಟ್! ಮೂರರಲ್ಲಿ ಎರಡು ಪಾಲು ಮತದಾರರು ಬೇರೆಯವರನ್ನು ಬಯಸಿದ್ದರು. ಆದರೆ ಆ 'ಬೇರೆಯವರು' ಐದು ಮಂದಿ ಇದ್ದರು.

ಈ ವ್ಯತ್ಯಾಸದ ಪರಿಣಾಮ 2008ರಲ್ಲಿ ಎದ್ದು ಕಂಡಿತು. ಜಾನ್ ಮೆಕೇನ್ ಮಾರ್ಚ್ 4ಕ್ಕೇ ರಿಪಬ್ಲಿಕನ್ ಟಿಕೆಟ್ ಖಾತ್ರಿ ಮಾಡಿಕೊಂಡರು. ಗೆದ್ದ ರಾಜ್ಯವೆಲ್ಲ ಪೂರ್ತಿ ಕೈಗೆ ಬಂದರೆ ಮುಂದಿರುವವರು ಬೇಗ ಗುರಿ ಮುಟ್ಟುತ್ತಾರೆ. ಅನುಪಾತದ ಹಂಚಿಕೆಯಲ್ಲಿ ಸೋತವರಿಗೂ ಪ್ರತಿ ವಾರ ಒಂದಿಷ್ಟು ಸಿಗುತ್ತಲೇ ಇರುತ್ತದೆ. ಆದ್ದರಿಂದ ಅಲ್ಲಿ ಕಣದಿಂದ ಯಾರೂ ಸುಲಭವಾಗಿ ಹೊರಬೀಳುವುದಿಲ್ಲ, ಹಿಂದಿದ್ದವರು ಮುಂದಕ್ಕೆ ಬರುವುದೂ ಇಲ್ಲ.

## ಏರುತ್ತಲೇ ಹೋಗುವ ರನ್ ರೇಟ್

ಹಿಂದೆ ಬಿದ್ದವರ ಸ್ಥಿತಿ ಗುರಿ ಬೆನ್ನಟ್ಟುವ ಕ್ರಿಕೆಟ್ ತಂಡದ್ದು. ಒಂದು ಓವರ್ ಸುಮ್ಮನೆ ಹೋದರೂ ಮುಂದಿನ ಓವರ್‌ಗಳಲ್ಲಿ ಬೇಕಾದ ರನ್ ರೇಟ್ ಏರುತ್ತದೆ.

ಲೆಕ್ಕ ಸರಳ. ಉಳಿದಿರುವ ಡೆಲಿಗೇಟ್‌ಗಳಿಗೆ ಹಿನ್ನಡೆಯ ಸಂಖ್ಯೆ ಕೂಡಿಸಿ, ಎರಡರಿಂದ ಭಾಗಿಸಿ. ಸಮಬಲಕ್ಕೆ ಬರಲು ಅಷ್ಟು ಡೆಲಿಗೇಟ್ ಬೇಕು. ಇನ್ನು 500 ಡೆಲಿಗೇಟ್ ಉಳಿದಿವೆ, ಅಭ್ಯರ್ಥಿ 100 ಹಿಂದಿದ್ದಾರೆ ಎಂದುಕೊಳ್ಳಿ. 600ರ ಅರ್ಧ 300, ಅಂದರೆ ಉಳಿದದ್ದರಲ್ಲಿ ಶೇ 60 ಬೇಕು. ಮುಂದಿನ ಕೆಲವು ವಾರಗಳಲ್ಲಿ 300 ಡೆಲಿಗೇಟ್‌ಗಳು ಇಬ್ಬರಿಗೂ ಸಮನಾಗಿ ಹಂಚಿಹೋದವು ಎನ್ನಿ. ಈಗ ಉಳಿದದ್ದು 200, ಹಿನ್ನಡೆ ಮಾತ್ರ ಅದೇ 100. ಬೇಕಾದದ್ದು 150, ಅಂದರೆ ಶೇ 75. ಸೋಲಲಿಲ್ಲ, ಸಮ ಮಾಡಿಕೊಂಡರು, ಆದರೂ ದಾರಿ ಮುಚ್ಚಿಹೋಯಿತು.

ಶೇ 60 ಎಂಬುದು ಕೇಳಲು ಸಣ್ಣದೆನಿಸಬಹುದು. ಡೆಮಾಕ್ರಟಿಕ್ ನಿಯಮದಲ್ಲಿ ಅದು ಎಷ್ಟು ಕಷ್ಟ ಎಂಬುದು ಕ್ಷೇತ್ರಗಳ ಮಟ್ಟಕ್ಕೆ ಇಳಿದರೆ ತಿಳಿಯುತ್ತದೆ. ನಾಲ್ಕು ಡೆಲಿಗೇಟ್ ಇರುವ ಕ್ಷೇತ್ರದಲ್ಲಿ ಇಬ್ಬರ ಸ್ಪರ್ಧೆ ನಡೆದು ಒಬ್ಬರಿಗೆ ಶೇ 62, ಇನ್ನೊಬ್ಬರಿಗೆ ಶೇ 38 ಬಂತು ಎನ್ನೋಣ. ಹಂಚಿಕೆ 2–2! ಮೂರನೆಯ ಡೆಲಿಗೇಟ್ ಕಸಿದುಕೊಳ್ಳಲು ಶೇ 62.5 ದಾಟಬೇಕು. ಆರು ಡೆಲಿಗೇಟ್ ಇದ್ದರೆ ಶೇ 58.3ರವರೆಗೂ 3–3. ಮೂರೇ ಡೆಲಿಗೇಟ್ ಇರುವ ಕಡೆ ಮಾತ್ರ ಒಂದು ಮತ ಹೆಚ್ಚು ಬಂದರೂ 2–1. ಸಮಸಂಖ್ಯೆಯ ಕ್ಷೇತ್ರಗಳು ದೊಡ್ಡ ಗೆಲುವನ್ನು ನುಂಗಿಹಾಕುತ್ತವೆ, ಬೆಸಸಂಖ್ಯೆಯವು ಸಣ್ಣ ಗೆಲುವಿಗೂ ಫಲ ಕೊಡುತ್ತವೆ. ಒಬಾಮಾ ತಂಡ ಇದನ್ನು ಮೊದಲೇ ಕ್ಷೇತ್ರವಾರು ಲೆಕ್ಕ ಹಾಕಿ ದುಡ್ಡು, ಕಾರ್ಯಕರ್ತರನ್ನು ಅದರಂತೆ ಹಂಚಿತ್ತು.

2008ರ ಅಂಕಿಗಳನ್ನೇ ನೋಡಿ. ಒಹಾಯೊದಲ್ಲಿ ಕ್ಲಿಂಟನ್ ಶೇ 53ಕ್ಕೂ ಹೆಚ್ಚು ಮತ ಪಡೆದರು, ದೇಶವೆಲ್ಲ ಸುದ್ದಿಯಾಯಿತು. ಡೆಲಿಗೇಟ್ ಹಂಚಿಕೆ 74–67, ಲಾಭ ಏಳು. ಪೆನ್ಸಿಲ್ವೇನಿಯಾದಲ್ಲಿ ಆರು ವಾರ ಪ್ರಚಾರ ನಡೆದು ಶೇ 9ರಷ್ಟು ಅಂತರದ ಗೆಲುವು, ಹಂಚಿಕೆ 85–73, ಲಾಭ ಹನ್ನೆರಡು. ಟೆಕ್ಸಾಸ್‌ನಲ್ಲಿ ಹಗಲು ಪ್ರೈಮರಿ, ಸಂಜೆ ಕಾಕಸ್. ಪ್ರೈಮರಿಯಲ್ಲಿ ಗೆದ್ದವರು ಕ್ಲಿಂಟನ್, ಎರಡೂ ಸೇರಿದ ಮೇಲೆ 99–94ರಿಂದ ಮುಂದಾದವರು ಒಬಾಮಾ.

ಇದರ ಪಕ್ಕದಲ್ಲಿ ಫೆಬ್ರವರಿ 5ರ ಸೂಪರ್ ಮಂಗಳವಾರವನ್ನು, ಅಂದರೆ ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ದಿನವನ್ನು, ಇಟ್ಟು ನೋಡಬೇಕು. ನ್ಯೂಜೆರ್ಸಿಯಲ್ಲಿ ಸುಮಾರು 11 ಲಕ್ಷ ಜನ ಮತ ಹಾಕಿದರು, ಕ್ಲಿಂಟನ್ ಗೆದ್ದು 59–48ರಿಂದ ಹನ್ನೊಂದು ಡೆಲಿಗೇಟ್ ಲಾಭ ಮಾಡಿಕೊಂಡರು. ಅದೇ ದಿನ ಐಡಹೊ ಕಾಕಸ್‌ಗಳಿಗೆ ಬಂದವರು 21 ಸಾವಿರ ಚಿಲ್ಲರೆ. ಒಬಾಮಾ ಅಲ್ಲಿ ಏಕಪಕ್ಷೀಯವಾಗಿ ಗೆದ್ದರು, 15–3. ಲಾಭ ಹನ್ನೆರಡು! ಪೆನ್ಸಿಲ್ವೇನಿಯಾದ ಆರು ವಾರಗಳ ದುಡಿಮೆಯೂ ಐಡಹೊದ ಒಂದು ಸಂಜೆಯೂ ತಕ್ಕಡಿಯಲ್ಲಿ ಒಂದೇ ತೂಕ. ಫೆಬ್ರವರಿಯ ಉಳಿದ ದಿನಗಳಲ್ಲಿ ಒಬಾಮಾ ಸಾಲಾಗಿ ಹತ್ತಕ್ಕೂ ಹೆಚ್ಚು ಸ್ಪರ್ಧೆ ಗೆದ್ದು ಕಟ್ಟಿಕೊಂಡ ಮುನ್ನಡೆಯನ್ನು ಮಾರ್ಚ್ ನಂತರದ ಯಾವ ಗೆಲುವೂ ಕರಗಿಸಲಿಲ್ಲ.

## ಹಾಗಿದ್ದರೂ ಉಳಿದದ್ದೇಕೆ?

ಕ್ಲಿಂಟನ್ ಪಾಳಯಕ್ಕೆ ಆಗ ಎರಡು ಬಾಗಿಲು ತೆರೆದಿದ್ದವು.

ಮೊದಲನೆಯದು ಸೂಪರ್ ಡೆಲಿಗೇಟ್‌ಗಳು. ಸಂಸದರು, ರಾಜ್ಯಪಾಲರು, ಪಕ್ಷದ ರಾಷ್ಟ್ರೀಯ ಸಮಿತಿಯ ಸದಸ್ಯರು ಮತದಾರರ ತೀರ್ಪಿಗೆ ಕಟ್ಟುಬೀಳದೆ ಸಮಾವೇಶದಲ್ಲಿ ತಮ್ಮಿಷ್ಟದಂತೆ ಮತ ಹಾಕಬಹುದಿತ್ತು. (ಅಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನದವರು, ಚುನಾಯಿತರು.) 2008ರಲ್ಲಿ ಇವರು ಎಂಟುನೂರಕ್ಕೂ ಹೆಚ್ಚು, ಒಟ್ಟು ಡೆಲಿಗೇಟ್‌ಗಳ ಐದನೇ ಒಂದು ಪಾಲು. ದೊಡ್ಡ ರಾಜ್ಯಗಳನ್ನು ಗೆಲ್ಲುವವರು ತಾವೇ ಎಂದು ತೋರಿಸಿ ಇವರ ಮನವೊಲಿಸುವುದು ಕ್ಲಿಂಟನ್ ಯೋಜನೆ. ವರ್ಷದ ಆರಂಭದಲ್ಲಿ ಇವರಲ್ಲಿ ಹೆಚ್ಚಿನವರು ಕ್ಲಿಂಟನ್ ಕಡೆಗಿದ್ದರು. ಮೇ ತಿಂಗಳ ಹೊತ್ತಿಗೆ ಗಾಳಿ ತಿರುಗಿತು.

ಎರಡನೆಯದು ಫ್ಲಾರಿಡಾ ಮತ್ತು ಮಿಷಿಗನ್. ಈ ಎರಡು ರಾಜ್ಯಗಳು ಪಕ್ಷದ ವೇಳಾಪಟ್ಟಿ ಮುರಿದು ಜನವರಿಯಲ್ಲೇ ಪ್ರೈಮರಿ ನಡೆಸಿದ್ದವು. ಶಿಕ್ಷೆಯಾಗಿ ಪಕ್ಷ ಅವುಗಳ ಎಲ್ಲ ಡೆಲಿಗೇಟ್‌ಗಳನ್ನೂ ಕಿತ್ತುಕೊಂಡಿತ್ತು. ಮಿಷಿಗನ್ ಮತಪತ್ರದಲ್ಲಿ ಒಬಾಮಾ ಹೆಸರೇ ಇರಲಿಲ್ಲ. ಎರಡೂ ಕಡೆ ಮೊದಲು ಬಂದಿದ್ದ ಕ್ಲಿಂಟನ್ ಆ ಡೆಲಿಗೇಟ್‌ಗಳನ್ನು ಪೂರ್ತಿಯಾಗಿ ಎಣಿಸಬೇಕೆಂದು ಪಟ್ಟು ಹಿಡಿದರು. ಮೇ 31ರಂದು ಪಕ್ಷದ ನಿಯಮ ಸಮಿತಿ ಇಬ್ಬರಿಗೂ ಪಾಲು ಹಂಚಿ, ಒಬ್ಬೊಬ್ಬ ಡೆಲಿಗೇಟ್‌ಗೂ ಅರ್ಧ ಮತ ಕೊಟ್ಟಿತು. ಮೂರು ದಿನದಲ್ಲಿ ಸ್ಪರ್ಧೆ ಮುಗಿಯಿತು.

ಸೂಪರ್ ಡೆಲಿಗೇಟ್ ಬಾಗಿಲು ಈಗ ಬಹುತೇಕ ಮುಚ್ಚಿದೆ. ಸ್ಯಾಂಡರ್ಸ್ ಬೆಂಬಲಿಗರ ಒತ್ತಡದಿಂದ 2018ರಲ್ಲಿ ಡೆಮಾಕ್ರಟಿಕ್ ಪಕ್ಷ ನಿಯಮ ತಿದ್ದಿತು. ಫಲಿತಾಂಶ ಮೊದಲೇ ಖಚಿತವಾಗಿರದಿದ್ದರೆ ಸಮಾವೇಶದ ಮೊದಲ ಸುತ್ತಿನಲ್ಲಿ ಅವರು ಮತ ಹಾಕುವಂತಿಲ್ಲ. ಹಾಗಾಗಿ 2008ರ ಕ್ಲಿಂಟನ್ ವಾದವನ್ನು 2028ರಲ್ಲಿ ಯಾರಾದರೂ ಮುಂದಿಟ್ಟರೆ ಅದಕ್ಕೆ ಕಾಲಿಲ್ಲ.

ಟಿಕೆಟ್ ಸಿಗದೆಂದು ಗೊತ್ತಿದ್ದೂ ಉಳಿಯುವವರಿದ್ದಾರೆ, ಅವರ ಕಣ್ಣು ಚೌಕಾಸಿಯ ಮೇಲಿರುತ್ತದೆ. 2016ರಲ್ಲಿ ಸ್ಯಾಂಡರ್ಸ್ ಜೂನ್ ಆರಂಭದಲ್ಲೇ ಸೋತಿದ್ದರು. ಆದರೆ ಎದುರಾಳಿ ಹಿಲರಿ ಕ್ಲಿಂಟನ್‌ಗೆ ತಮ್ಮ ಬೆಂಬಲ ಘೋಷಿಸಿದ್ದು ಜುಲೈ 12ರಂದು. ಪಕ್ಷದ ಪ್ರಣಾಳಿಕೆಯ ಕರಡು ಸಮಿತಿಯ 15 ಸ್ಥಾನಗಳಲ್ಲಿ ಐದಕ್ಕೆ ತಮ್ಮವರನ್ನು ಹೆಸರಿಸುವ ಅವಕಾಶ ಅವರಿಗೆ ಸಿಕ್ಕಿತ್ತು. ಗಂಟೆಗೆ 15 ಡಾಲರ್ ಕನಿಷ್ಠ ವೇತನದ ಬೇಡಿಕೆ ಪ್ರಣಾಳಿಕೆ ಸೇರಿತು.

ಈ ಬಗೆಯ ಚೌಕಾಸಿಯಲ್ಲಿ ಅತ್ಯಂತ ದೂರ ಹೋದ ಫಲ ಜೆಸ್ಸಿ ಜಾಕ್ಸನ್ ಅವರದು. 1988ರಲ್ಲಿ ಅವರು ಮೈಕೆಲ್ ಡುಕಾಕಿಸ್ ಹಿಂದೆ ಎರಡನೆಯವರಾಗಿ ಅಟ್ಲಾಂಟಾ ಸಮಾವೇಶದವರೆಗೂ ಉಳಿದರು. ಮೊದಲು ಬಂದವರಿಗೆ ಹೆಚ್ಚುವರಿ ಡೆಲಿಗೇಟ್ ಕೊಡುವ ಪದ್ಧತಿ ಆಗ ಹಲವು ರಾಜ್ಯಗಳಲ್ಲಿತ್ತು. ಅದರಿಂದ ಜಾಕ್ಸನ್‌ಗೆ ತಮ್ಮ ಮತಕ್ಕೆ ತಕ್ಕ ಪಾಲು ಸಿಕ್ಕಿರಲಿಲ್ಲ. ಡುಕಾಕಿಸ್ ಜೊತೆ ಒಪ್ಪಂದ ಮಾಡಿಕೊಂಡು ಆ ಪದ್ಧತಿ ತೆಗೆಸಿ, ಎಲ್ಲ ರಾಜ್ಯಗಳಿಗೂ ಅನುಪಾತದ ಹಂಚಿಕೆ ತಂದರು. ಇಪ್ಪತ್ತು ವರ್ಷದ ನಂತರ ಒಬಾಮಾ ಮುನ್ನಡೆಯನ್ನು ಕಾಪಾಡಿದ್ದು ಇದೇ ನಿಯಮ. ಹಳೆಯ ಪದ್ಧತಿ ಇದ್ದಿದ್ದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಒಹಾಯೊ, ಪೆನ್ಸಿಲ್ವೇನಿಯಾದಂತಹ ದೊಡ್ಡ ರಾಜ್ಯ ಗೆದ್ದ ಕ್ಲಿಂಟನ್‌ಗೆ ಸಿಗುತ್ತಿದ್ದ ಲಾಭವೇ ಬೇರೆ.

ಕೆಲವರು ಮುಂದಿನ ಸಲಕ್ಕೆಂದು ಉಳಿಯುತ್ತಾರೆ. 1976ರಲ್ಲಿ ರೊನಾಲ್ಡ್ ರೇಗನ್ ಹಾಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಎದುರು ನ್ಯೂಹ್ಯಾಂಪ್‌ಶೈರ್‌ನಿಂದ ಹಿಡಿದು ಒಂದರ ಹಿಂದೊಂದು ಪ್ರೈಮರಿ ಸೋತರು, ಪ್ರಚಾರ ಸಾಲದಲ್ಲಿತ್ತು, ಸರಿಯಿರಿ ಎಂಬ ಒತ್ತಡ ಸುತ್ತಲೂ ಇತ್ತು. ಮಾರ್ಚ್ 23ರಂದು ನಾರ್ತ್ ಕೆರೊಲಿನಾ ಗೆದ್ದರು, ಅಲ್ಲಿಂದ ಚಿತ್ರ ಬದಲಾಯಿತು. ಕ್ಯಾನ್ಸಸ್ ಸಿಟಿ ಸಮಾವೇಶದಲ್ಲಿ ಫೋರ್ಡ್ 1,187, ರೇಗನ್ 1,070. ಕೂದಲೆಳೆಯಲ್ಲಿ ಸೋತ ರೇಗನ್ ನಾಲ್ಕು ವರ್ಷದ ನಂತರ ಅಭ್ಯರ್ಥಿಯಾಗಿ, ಅಧ್ಯಕ್ಷರೂ ಆದರು.

## ಕಣ ಬಿಡಿಸುವುದು ದುಡ್ಡು

'ಕುಟುಂಬದ ಜೊತೆ ಸಮಾಲೋಚಿಸಿ ನಿರ್ಧರಿಸಿದೆ' ಎಂಬ ಮಾತು ಹೇಳಿಕೆಗಳಲ್ಲಿ ಕೇಳಿಸುತ್ತದೆ. ಸಾಮಾನ್ಯವಾಗಿ ಅದಕ್ಕೂ ಮುಂಚೆ ಖಜಾಂಚಿಯ ಜೊತೆ ಸಮಾಲೋಚನೆ ಆಗಿರುತ್ತದೆ. ಸಂಬಳ, ಕಚೇರಿ ಬಾಡಿಗೆ, ವಿಮಾನ, ಟಿವಿ ಜಾಹೀರಾತು ಎಲ್ಲಕ್ಕೂ ವಾರವಾರವೂ ದುಡ್ಡು ಹರಿಯಬೇಕು. ಸೋಲಿನ ಸುದ್ದಿ ಬಂದ ಮರುದಿನವೇ ದೇಣಿಗೆ ಇಳಿಯುತ್ತದೆ. ಜಾಹೀರಾತು ನಿಲ್ಲುತ್ತದೆ, ಮುಂದಿನ ರಾಜ್ಯವೂ ಕೈತಪ್ಪುತ್ತದೆ, ದೇಣಿಗೆ ಇನ್ನೂ ಇಳಿಯುತ್ತದೆ. 2024ರಲ್ಲಿ ಹೇಲಿ ತಮ್ಮ ತವರು ಸೌತ್ ಕೆರೊಲಿನಾದಲ್ಲಿ ಸೋತ ಮರುದಿನ, ಅವರ ಬೆನ್ನಿಗಿದ್ದ, ಶ್ರೀಮಂತ ಉದ್ಯಮಿ ಚಾರ್ಲ್ಸ್ ಕೋಕ್ ಬಳಗದ ಸಂಘಟನೆ ಅವರ ಪರ ಖರ್ಚು ನಿಲ್ಲಿಸುವುದಾಗಿ ಹೇಳಿತು. ಎರಡು ವಾರವೂ ಕಳೆಯುವ ಮೊದಲೇ, ಮಾರ್ಚ್ 6ರಂದು ಅವರು ಸ್ಪರ್ಧೆ ನಿಲ್ಲಿಸಿದರು.

ಕಾನೂನಿನ ಕಟ್ಟುಗಳೂ ಇವೆ. ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಪ್ರೈಮರಿಗೆಂದು ಇಷ್ಟು, ನವೆಂಬರ್ ಚುನಾವಣೆಗೆಂದು ಇಷ್ಟು ಎಂದು ಪ್ರತ್ಯೇಕ ಮಿತಿಯೊಳಗೆ ಕೊಡಬೇಕು. 2008ರಲ್ಲಿ ಅದು ತಲಾ 2,300 ಡಾಲರ್. ನವೆಂಬರ್‌ಗೆಂದು ಬಂದ ದುಡ್ಡನ್ನು ಪ್ರೈಮರಿಯಲ್ಲಿ ಖರ್ಚು ಮಾಡುವಂತಿಲ್ಲ, ಟಿಕೆಟ್ ಸಿಗದಿದ್ದರೆ ಹಿಂದಿರುಗಿಸಬೇಕು. ಖಾತೆಯಲ್ಲಿ ದೊಡ್ಡ ಮೊತ್ತ ಕಾಣುತ್ತಿದ್ದರೂ ಕೈಯಲ್ಲಿ ಕಾಸಿಲ್ಲದ ಸ್ಥಿತಿ ಬರುವುದು ಹೀಗೆ. ಕ್ಲಿಂಟನ್ ಜನವರಿಯಲ್ಲಿ ಸ್ವಂತ ದುಡ್ಡಿನಿಂದ 50 ಲಕ್ಷ ಡಾಲರ್ ಸಾಲ ಕೊಟ್ಟರು, ಮೇ ಆರಂಭಕ್ಕೆ ಅದು 1.14 ಕೋಟಿ ಡಾಲರ್ ಆಯಿತು. ಅಭ್ಯರ್ಥಿ ತನಗೇ ಕೊಟ್ಟುಕೊಂಡ ಸಾಲದಲ್ಲಿ ಚುನಾವಣೆಯ ನಂತರ ಬಂದ ದೇಣಿಗೆಯಿಂದ ತೀರಿಸಿಕೊಳ್ಳಬಹುದಾಗಿದ್ದದ್ದು 2.5 ಲಕ್ಷ ಡಾಲರ್ ಮಾತ್ರ. ಈ ಮಿತಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ರದ್ದು ಮಾಡಿತು. ಇಂದು ಸ್ವಂತ ಸಾಲದ ಮೇಲೆ ಪ್ರಚಾರ ಎಳೆಯುವವರಿಗೆ ಆಗಿನಷ್ಟು ಭಯವಿಲ್ಲ.

ಜನರ ಸಣ್ಣ ದೇಣಿಗೆಗೆ ಸಮನಾಗಿ ಸರ್ಕಾರ ಕೊಡುವ ಅನುದಾನ ಪಡೆಯುವವರಿಗೆ ಇನ್ನೊಂದು ಕಟ್ಟು ಇದೆ. ಸಾಲಾಗಿ ಎರಡು ಪ್ರೈಮರಿಗಳಲ್ಲಿ ಶೇ 10ಕ್ಕಿಂತ ಕಡಿಮೆ ಮತ ಬಂದರೆ 30 ದಿನದ ನಂತರ ಅನುದಾನದ ಅರ್ಹತೆ ಹೋಗುತ್ತದೆ. ಮತ್ತೆ ಪಡೆಯಲು ಮುಂದೊಂದು ಪ್ರೈಮರಿಯಲ್ಲಿ ಶೇ 20 ಬರಬೇಕು. ಈಗ ಪ್ರಮುಖ ಅಭ್ಯರ್ಥಿಗಳು ಈ ಅನುದಾನದ ಗೊಡವೆಗೆ ಹೋಗುವುದೇ ಅಪರೂಪ. ಅದನ್ನು ತೆಗೆದುಕೊಂಡರೆ ಒಟ್ಟು ಖರ್ಚಿಗೂ ಮಿತಿ ಬೀಳುತ್ತದೆ.

ಜನರ ಕಣ್ಣಿಗೆ ಬೀಳದ ಮತ್ತೊಂದು ತೊಡಕು, ಮತಪತ್ರದಲ್ಲಿ ಹೆಸರು ಬರುವುದು. ರಾಜ್ಯಕ್ಕೊಂದು ಗಡುವು, ರಾಜ್ಯಕ್ಕೊಂದು ನಿಯಮ. 2012ರಲ್ಲಿ ವರ್ಜೀನಿಯಾ 10,000 ಸಹಿ ಕೇಳಿತ್ತು, 11 ಕ್ಷೇತ್ರಗಳಲ್ಲಿ ಪ್ರತಿಯೊಂದರಿಂದಲೂ ಕನಿಷ್ಠ 400. ಮತಪತ್ರಕ್ಕೆ ಬಂದದ್ದು ಮಿಟ್ ರಾಮ್ನಿ ಮತ್ತು ರಾನ್ ಪಾಲ್ ಹೆಸರು ಮಾತ್ರ. ನ್ಯೂಟ್ ಗಿಂಗ್ರಿಚ್ ಅಲ್ಲಿಯ ನಿವಾಸಿಯಾಗಿದ್ದರೂ ಅವರ ಹೆಸರು ಇರಲಿಲ್ಲ. ಒಹಾಯೊದಲ್ಲಿ ರಿಕ್ ಸ್ಯಾಂಟೋರಮ್ ಕೆಲವು ಕ್ಷೇತ್ರಗಳಿಗೆ ಡೆಲಿಗೇಟ್‌ಗಳ ಪಟ್ಟಿಯನ್ನೇ ಪೂರ್ತಿ ಸಲ್ಲಿಸಿರಲಿಲ್ಲ. ಮತ ಬಂದರೂ ಕೂರಿಸಲು ಜನವಿಲ್ಲ!

## 'ಸ್ಥಗಿತ' ಎನ್ನುತ್ತಾರೆ, 'ವಾಪಸ್' ಎನ್ನುವುದಿಲ್ಲ

ಹೊರಹೋಗುವವರೆಲ್ಲ 'ಪ್ರಚಾರ ಸ್ಥಗಿತಗೊಳಿಸಿದ್ದೇನೆ' ಎಂದೇ ಹೇಳುತ್ತಾರೆ. ಚುನಾವಣಾ ಕಾನೂನಿನಲ್ಲಿ ಸ್ಥಗಿತ ಎಂಬುದಕ್ಕೆ ವಿಶೇಷ ಅರ್ಥವಿಲ್ಲ. ದೇಣಿಗೆ ಸಂಗ್ರಹ ಮುಂದುವರಿಸಿ ಸಾಲ ತೀರಿಸಲು ತೊಂದರೆಯಿಲ್ಲ. ಅರ್ಥ ಬರುವುದು ಪಕ್ಷದ ನಿಯಮದಲ್ಲಿ. ಅಧಿಕೃತವಾಗಿ ಹಿಂದೆ ಸರಿದರೆ, ಗಳಿಸಿದ ಡೆಲಿಗೇಟ್‌ಗಳಲ್ಲಿ ಒಂದಷ್ಟು ಬೇರೆಯವರ ಪಾಲಾಗುವ ಸಂಭವವಿರುತ್ತದೆ. ಸ್ಥಗಿತ ಎಂದರೆ ಅವು ಉಳಿಯುತ್ತವೆ, ಸಮಾವೇಶದಲ್ಲಿ ಚೌಕಾಸಿಗೆ ಬರುತ್ತವೆ. ಹೇಲಿ ತಮ್ಮ 97 ಡೆಲಿಗೇಟ್‌ಗಳನ್ನು ಟ್ರಂಪ್‌ಗೆ ಮತ ಹಾಕುವಂತೆ ಬಿಟ್ಟುಕೊಟ್ಟದ್ದು ಜುಲೈನಲ್ಲಿ, ಸ್ಪರ್ಧೆ ನಿಲ್ಲಿಸಿ ನಾಲ್ಕು ತಿಂಗಳಾದ ಮೇಲೆ.

## ಎರಡನೆಯವರಿಗಿಂತ ಮೂರನೆಯವರೇ ಮುಖ್ಯ

ಸುದ್ದಿಯಲ್ಲಿ ಒತ್ತಡವೆಲ್ಲ ಎರಡನೆಯ ಸ್ಥಾನದವರ ಮೇಲೆ. ಲೆಕ್ಕದ ದೃಷ್ಟಿಯಲ್ಲಿ ಇದು ತಲೆಕೆಳಗು. ಇಬ್ಬರೇ ಇರುವಾಗ ಹಿಂದಿರುವವರು ಉಳಿದರೆ ಯಾರ ಮತವೂ ಒಡೆಯುವುದಿಲ್ಲ. ಮುಂದಿರುವವರು ಮುಂದೆಯೇ ಇರುತ್ತಾರೆ, ತಡವಾಗುತ್ತದೆ ಅಷ್ಟೆ. ಮೂರು, ನಾಲ್ಕನೆಯವರು ಉಳಿದರೆ ಗೆಲ್ಲುವವರೇ ಬದಲಾಗಬಹುದು.

2016ರ ರಿಪಬ್ಲಿಕನ್ ಕಣ ಇದಕ್ಕೆ ಪಾಠದಂತಿದೆ. ಏಪ್ರಿಲ್ 19ರ ನ್ಯೂಯಾರ್ಕ್‌ಗೆ ಮುಂಚೆ ಟ್ರಂಪ್ ಯಾವ ರಾಜ್ಯದಲ್ಲೂ ಅರ್ಧಕ್ಕಿಂತ ಹೆಚ್ಚು ಮತ ಪಡೆದಿರಲಿಲ್ಲ. ಎದುರಾಳಿಗಳಾದ ಟೆಡ್ ಕ್ರೂಜ್, ಮಾರ್ಕೊ ರೂಬಿಯೊ, ಜಾನ್ ಕೇಸಿಕ್ 'ಮೊದಲು ನೀವು ಸರಿಯಿರಿ' ಎಂದು ಕಾಯುತ್ತ ಕುಳಿತರು. ಕೇಸಿಕ್ ಕೊನೆಯವರೆಗೂ ಗೆದ್ದದ್ದು ತಮ್ಮ ಒಹಾಯೊ ಒಂದನ್ನೇ. ಇಂಡಿಯಾನಾದಲ್ಲಿ ಕೇಸಿಕ್, ಆರೆಗನ್ ಮತ್ತು ನ್ಯೂಮೆಕ್ಸಿಕೊದಲ್ಲಿ ಕ್ರೂಜ್ ತಗ್ಗುವುದೆಂದು ಏಪ್ರಿಲ್ ಕೊನೆಯಲ್ಲಿ ಒಪ್ಪಂದವಾಯಿತು. ಅದು ಕೆಲವೇ ದಿನಗಳಲ್ಲಿ ಸಡಿಲವಾಯಿತು. ಮೇ 3ರಂದು ಟ್ರಂಪ್ ಇಂಡಿಯಾನಾ ಗೆದ್ದರು, ಅದೇ ರಾತ್ರಿ ಕ್ರೂಜ್, ಮರುದಿನ ಕೇಸಿಕ್ ಹೊರನಡೆದರು. ಒಬ್ಬರು ಬೇಗ ಸರಿದಿದ್ದರೆ ಫಲಿತಾಂಶ ಬದಲಾಗುತ್ತಿತ್ತು ಎಂದು ಖಂಡಿತವಾಗಿ ಹೇಳಲಾಗದು. ಸರಿದವರ ಮತದಾರರು ಒಂದೇ ಕಡೆ ಗುಂಪಾಗಿ ಹೋಗುವುದಿಲ್ಲ, ಒಂದು ಪಾಲು ಟ್ರಂಪ್‌ಗೂ ಹೋಗುತ್ತಿತ್ತು.

2020ರಲ್ಲಿ ಡೆಮಾಕ್ರಟರು ಇದರ ವಿರುದ್ಧ ದಾರಿ ಹಿಡಿದರು. ಜೋ ಬೈಡನ್ ಅಯೊವಾದಲ್ಲಿ ನಾಲ್ಕನೆಯವರು, ನ್ಯೂಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಆ ಹೊತ್ತಿಗೆ 'ಹಿಂದೆ ಬಿದ್ದವರು ಸರಿಯಲಿ' ಎಂಬ ನಿಯಮ ಹಾಕಿದ್ದರೆ ಮೊದಲು ಹೋಗಬೇಕಾದವರು ಅವರೇ. ಫೆಬ್ರವರಿ 29ರಂದು ಸೌತ್ ಕೆರೊಲಿನಾ ಗೆದ್ದರು. ಮಾರ್ಚ್ 1ರಂದು ಪೀಟ್ ಬುಟಿಜೆಜ್, 2ರಂದು ಏಮಿ ಕ್ಲೋಬುಚಾರ್ ಸರಿದು ಬೈಡನ್‌ಗೆ ಬೆಂಬಲ ಕೊಟ್ಟರು. 3ರಂದು ಸೂಪರ್ ಮಂಗಳವಾರ, 14 ರಾಜ್ಯಗಳಲ್ಲಿ ಹತ್ತು ಬೈಡನ್ ಪಾಲಾದವು.

ಡೆಲಿಗೇಟ್‌ಗಳೇ ಇಲ್ಲದ ಸಂಸದರ, ಶಾಸಕರ ಪ್ರೈಮರಿಗಳಲ್ಲಿ ಮತ ಒಡೆಯುವುದು ಇನ್ನೂ ನೇರ. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಹೆಚ್ಚು ಮತ ಬಂದವರಿಗೆ ಟಿಕೆಟ್, ಅರ್ಧ ದಾಟಲೇಬೇಕೆಂದಿಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರ ಆಗಸ್ಟ್ 2ರಂದು ಮಿಷಿಗನ್‌ನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿ ಗೆದ್ದದ್ದು ಸುಮಾರು ಶೇ 28 ಮತದಿಂದ. ಕಣದಲ್ಲಿ ಒಂಬತ್ತು ಮಂದಿ ಇದ್ದರು. ಡೆಟ್ರಾಯಿಟ್ ಭಾಗದ ಆ ಕ್ಷೇತ್ರ ಡೆಮಾಕ್ರಟರ ಭದ್ರಕೋಟೆ, ಆದ್ದರಿಂದ ಪ್ರೈಮರಿ ಗೆದ್ದವರಿಗೆ ನವೆಂಬರ್ ಗೆಲುವು ಹೆಚ್ಚುಕಡಿಮೆ ಖಾತ್ರಿ. ಟೆಕ್ಸಾಸ್, ಜಾರ್ಜಿಯಾದಂತಹ ರಾಜ್ಯಗಳಲ್ಲಿ ಯಾರೂ ಅರ್ಧ ದಾಟದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತು ನಡೆಯುತ್ತದೆ. ಅಲ್ಲಿ ಮೂರನೆಯವರು ಉಳಿದರೂ ಅಷ್ಟು ಹಾನಿಯಿಲ್ಲ.

## ಪಕ್ಷಕ್ಕೆ ಪೆಟ್ಟು ಬೀಳುತ್ತದೆಯೆ?

'ಒಳಜಗಳ ಎಳೆದರೆ ನವೆಂಬರ್‌ನಲ್ಲಿ ಸೋಲುತ್ತೇವೆ' ಎಂಬುದು ಸರಿಯಲು ಹೇಳುವವರ ಮುಖ್ಯ ವಾದ. ಅದಕ್ಕೆ ಉದಾಹರಣೆಗಳಿವೆ. 1976ರಲ್ಲಿ ರೇಗನ್ ಜೊತೆ ಸೆಣಸಿದ ಫೋರ್ಡ್ ಸೋತರು. 1980ರಲ್ಲಿ ಎಡ್ವರ್ಡ್ ಕೆನಡಿ ನ್ಯೂಯಾರ್ಕ್ ಸಮಾವೇಶದವರೆಗೂ ಬಿಡಲಿಲ್ಲ, ಡೆಲಿಗೇಟ್‌ಗಳನ್ನು ಕಟ್ಟಿಹಾಕುವ ನಿಯಮವನ್ನೇ ಸಡಿಲಿಸಲು ನೋಡಿ ವಿಫಲರಾದರು. ಆ ವರ್ಷ ಜಿಮ್ಮಿ ಕಾರ್ಟರ್ ಸೋತರು. 1992ರಲ್ಲಿ ಪ್ಯಾಟ್ ಬುಕಾನನ್ ಸವಾಲು ಎದುರಿಸಿದ ಜಾರ್ಜ್ ಬುಷ್ ಕೂಡ ಸೋತರು.

ಕಾರಣ ಯಾವುದು, ಪರಿಣಾಮ ಯಾವುದು ಎಂಬುದೇ ಇಲ್ಲಿ ಗೋಜಲು. ಮೂವರೂ ಹಾಲಿ ಅಧ್ಯಕ್ಷರು, ಮೂವರ ಕಾಲದಲ್ಲೂ ಆರ್ಥಿಕ ಸ್ಥಿತಿಯ ಬಗ್ಗೆ ಜನರಲ್ಲಿ ಅಸಮಾಧಾನವಿತ್ತು. ಹಾಲಿ ಅಧ್ಯಕ್ಷರು ದುರ್ಬಲರಾಗಿದ್ದಾಗಲೇ ಸ್ವಪಕ್ಷದಲ್ಲಿ ಸವಾಲು ಏಳುತ್ತದೆ. ಆ ದೌರ್ಬಲ್ಯವೇ ನವೆಂಬರ್‌ನಲ್ಲೂ ಸೋಲಿಸಿರಬಹುದು.

2008 ಈ ವಾದಕ್ಕೆ ಸರಿಹೊಂದುವುದಿಲ್ಲ. ಕ್ಲಿಂಟನ್ ಉಳಿದ ಕಾರಣಕ್ಕೆ ಇಂಡಿಯಾನಾ, ನಾರ್ತ್ ಕೆರೊಲಿನಾದ ಪ್ರೈಮರಿಗಳಿಗೆ ಹಲವು ದಶಕಗಳಲ್ಲಿ ಕಾಣದ ಮಹತ್ವ ಬಂತು. ಎರಡೂ ತಂಡಗಳು ಅಲ್ಲಿ ಕಚೇರಿ ತೆರೆದವು, ಹೊಸ ಮತದಾರರನ್ನು ನೋಂದಾಯಿಸಿದವು, ಸ್ವಯಂಸೇವಕರ ಪಟ್ಟಿ ಬೆಳೆಯಿತು. ನವೆಂಬರ್‌ನಲ್ಲಿ ಒಬಾಮಾ ಎರಡೂ ರಾಜ್ಯ ಗೆದ್ದರು. ಇಂಡಿಯಾನಾ ಡೆಮಾಕ್ರಟರಿಗೆ ಒಲಿದದ್ದು 1964ರ ನಂತರ ಅದೇ ಮೊದಲು. ಜಗಳ ಹೇಗೆ ಮುಗಿಯಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆಗಸ್ಟ್‌ನ ಡೆನ್ವರ್ ಸಮಾವೇಶದಲ್ಲಿ ಮತ ಎಣಿಕೆ ನಿಲ್ಲಿಸಿ ಒಬಾಮಾ ಅವರನ್ನು ಒಮ್ಮತದಿಂದ ಆರಿಸಬೇಕೆಂದು ಸೂಚನೆ ಮಂಡಿಸಿದವರು ಸ್ವತಃ ಕ್ಲಿಂಟನ್. 1980ರಲ್ಲಿ ಕೆನಡಿ ಅಷ್ಟು ಮನಸ್ಸು ಮಾಡಿರಲಿಲ್ಲ.

## ಮುಂದಿನ ಸಲ ಏನನ್ನು ಗಮನಿಸಬೇಕು

ಗೆದ್ದ ರಾಜ್ಯಗಳ ಸಂಖ್ಯೆ ಬಿಡಿ, ಬೇಕಾದ ಶೇಕಡಾವಾರು ನೋಡಿ. ಅನುಪಾತದ ಹಂಚಿಕೆಯಲ್ಲಿ ಅದು ಶೇ 60 ದಾಟಿದರೆ, ಇಲ್ಲಿಯವರೆಗೆ ಆ ಅಭ್ಯರ್ಥಿ ಎಷ್ಟು ಕಡೆ ಅಷ್ಟು ಮತ ಪಡೆದಿದ್ದಾರೆ ಎಂದು ಹುಡುಕಿ. ಉತ್ತರ 'ಎಲ್ಲೋ ಒಂದೆರಡು ಕಡೆ' ಎಂದಾದರೆ ಅವರು ಉಳಿದಿರುವುದು ಟಿಕೆಟ್‌ಗಾಗಿ ಅಲ್ಲ. ಗೆದ್ದವರಿಗೆ ಎಲ್ಲ ಎನ್ನುವ ದೊಡ್ಡ ರಾಜ್ಯಗಳು ಮುಂದೆ ಬಾಕಿ ಇದ್ದರೆ ಮಾತ್ರ ಶೇ 60ರ ಅಂಕಿಗೆ ಹೆದರಬೇಕಿಲ್ಲ.

ದುಡ್ಡಿನ ಸ್ಥಿತಿ ಗುಟ್ಟಲ್ಲ. ಅಧ್ಯಕ್ಷೀಯ ಚುನಾವಣೆಯ ವರ್ಷದಲ್ಲಿ ಪ್ರಮುಖ ಅಭ್ಯರ್ಥಿಗಳು ಹಿಂದಿನ ತಿಂಗಳ ಲೆಕ್ಕವನ್ನು ಪ್ರತಿ ತಿಂಗಳು 20ನೇ ತಾರೀಖಿನೊಳಗೆ ಕೇಂದ್ರ ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು, ಅದು ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಕೈಯಲ್ಲಿರುವ ನಗದು, ತೀರಿಸಬೇಕಾದ ಸಾಲ ಎರಡನ್ನೂ ಪಕ್ಕಪಕ್ಕ ಓದಬೇಕು.

ಅಮೆರಿಕದ ಪೌರರಾಗಿ ಅಂಚೆಯಲ್ಲಿ ಮತ ಹಾಕುವ ಕನ್ನಡಿಗರಿಗೆ ಒಂದು ಮಾತು. ಸ್ಪರ್ಧೆ ಬಿಟ್ಟವರ ಹೆಸರು ಅಚ್ಚಾದ ಮತಪತ್ರದಲ್ಲಿ ಹಾಗೆಯೇ ಉಳಿಯುತ್ತದೆ. ಹೇಲಿ ಸ್ಪರ್ಧೆ ನಿಲ್ಲಿಸಿ ಎರಡು ತಿಂಗಳಾದ ಮೇಲೂ ಇಂಡಿಯಾನಾದಲ್ಲಿ ಶೇ 20ಕ್ಕೂ ಹೆಚ್ಚು ಮಂದಿ ಅವರಿಗೇ ಮತ ಹಾಕಿದರು. ಅದು ಬೇಕೆಂದೇ ತೋರಿಸಿದ ಅಸಮ್ಮತಿ ಇರಬಹುದು. 2020ರಲ್ಲಿ ಬುಟಿಜೆಜ್‌ಗೆ ಮುಂಚಿತವಾಗಿ ಮತ ಹಾಕಿ ಕಳಿಸಿದ್ದ ಕ್ಯಾಲಿಫೋರ್ನಿಯಾದವರಿಗೆ ಅಂಥ ಉದ್ದೇಶವಿರಲಿಲ್ಲ, ಬದಲಿಸುವ ದಾರಿಯೂ ಇರಲಿಲ್ಲ. ಮಿಷಿಗನ್‌ನಂತಹ ಕೆಲವು ರಾಜ್ಯಗಳು ಕಳಿಸಿದ ಮತಪತ್ರವನ್ನು ಗಡುವಿನೊಳಗೆ ರದ್ದು ಮಾಡಿಸಿ ಹೊಸದು ಪಡೆಯಲು ಬಿಡುತ್ತವೆ. ಹೆಚ್ಚಿನ ರಾಜ್ಯಗಳಲ್ಲಿ ಆ ಸೌಲಭ್ಯವಿಲ್ಲ. ಕಣದಲ್ಲಿ ಐದಾರು ಮಂದಿ ಇದ್ದು, ಅದಕ್ಕೂ ಹಿಂದಿನ ವಾರ ಇನ್ನೊಂದು ರಾಜ್ಯದ ಫಲಿತಾಂಶ ಬರುವುದಿದ್ದರೆ, ಲಕೋಟೆಯನ್ನು ಅಲ್ಲಿಯವರೆಗೆ ಮೇಜಿನ ಮೇಲಿಟ್ಟು, ಗಡುವು ನೋಡಿಕೊಂಡು ಮತಪೆಟ್ಟಿಗೆಗೆ ಹಾಕಿ ಬರುವುದು ಜಾಣತನ.